ಪದಚರ್ಚೆ: ಹಳೆಯ ಕಾರಿನ ಡ್ಯಾಶ್‌ಬೋರ್ಡನ್ನು ಬಿಚ್ಚುವುದೋ, ಕಳಚುವುದೋ, ತೆಗೆಯುವುದೋ?

ಧನಕವಡಿ, ಪುಣೆ. ಶುಕ್ರವಾರ ಬೆಳಿಗ್ಗೆ

ನಮ್ಮ ಹೊರನಾಡ ಕನ್ನಡಿಗರ ಪದಚರ್ಚೆಯ ಬಳಗದ ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕಾದ ಕೆಲಸ, ಆದ್ದರಿಂದ ಪೀಠಿಕೆ ಇಲ್ಲದೆ ಕೇಳುತ್ತೇನೆ. ಹಳೆಯ ಕಾರುಗಳನ್ನು ಮೊದಲಿನ ಸ್ಥಿತಿಗೆ ತಂದುಕೊಡುವ ಇಲ್ಲಿನ ಗ್ಯಾರೇಜೊಂದರವರು ಗೋಡೆಗೆ ಹಾಕುವ ಸೂಚನಾಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಕೊಟ್ಟಿದ್ದಾರೆ. ಮರಾಠಿಯದು ಆಗಲೇ ಗೋಡೆಯ ಮೇಲಿದೆ. ಆದರೆ ಕೆಲಸದ ಹುಡುಗರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಮರಾಠಿ ಮಾತನಾಡುತ್ತಾರೆ, ತಡೆಯಿಲ್ಲದೆ ಓದುವುದು ಕನ್ನಡವನ್ನು. ಈಚೆಗೆ ಒಬ್ಬ ಹುಡುಗ ಎಂಜಿ ಎಂಬ ಹಳೆಯ ಬ್ರಿಟಿಷ್ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚುವಾಗ ಟೆಂಪರೇಚರ್ ಮೀಟರಿನ ಹಿಂದಿನಿಂದ ಇಂಜಿನ್ನಿಗೆ ಹೋಗುವ ಸಪೂರ ಲೋಹದ ನಳಿಗೆಯನ್ನು ವೈರ್ ಎಂದು ತಿಳಿದು ಕತ್ತರಿಸಿಬಿಟ್ಟ. ಅದರೊಳಗೆ ಈಥರ್ ತುಂಬಿರುತ್ತದೆ. ಕತ್ತರಿಸಿದರೆ ಮೀಟರಿನ ಕಥೆ ಮುಗಿಯಿತು, ವೈರಿನ ಹಾಗೆ ಮರಳಿ ಜೋಡಿಸುವಂತಿಲ್ಲ. ಮಾಲೀಕರಿಗೆ ಕನ್ನಡದ ಹಾಳೆ ಬೇಕೆನಿಸಿದ್ದು ಆಗ.

ಡ್ಯಾಶ್‌ಬೋರ್ಡಿಗೆ ಏನೆನ್ನೋಣ? ಅದನ್ನು ಗಾಡಿಯಿಂದ ಬೇರೆ ಮಾಡುವ ಕೆಲಸಕ್ಕೆ ತಲೆಬರಹದಲ್ಲಿ ಯಾವ ಕ್ರಿಯಾಪದ? ‘ತೆಗೆಯುವಿಕೆ’ ಎಂದು ಬರೆದೆ, ನನಗೇ ಹಿಡಿಸಲಿಲ್ಲ. ಕಾರನ್ನು ರಿಸ್ಟೋರ್ ಮಾಡುವುದಕ್ಕೂ ಒಂದು ಮಾತು ಸಿಕ್ಕರೆ ಉಪಕಾರ.

ಮಾಟುಂಗಾ, ಮುಂಬಯಿ

ಮೊದಲು ಮೂಲವನ್ನು ನೋಡಬೇಕು. ಇಂಗ್ಲಿಷಿನ ‘ಡ್ಯಾಶ್’ ಇಲ್ಲಿ ಓಟವಲ್ಲ, ಗೆರೆಯೂ ಅಲ್ಲ. ಎರಚು, ಅಪ್ಪಳಿಸು ಎಂದು ಅರ್ಥ. ಕುದುರೆ ಗಾಡಿಯ ಸಾರಥಿಯ ಕಾಲಿನ ಮುಂದೆ ಒಂದು ಹಲಗೆ ಇರುತ್ತಿತ್ತು. ಕುದುರೆಯ ಗೊರಸಿನಿಂದ ಸಿಡಿದ ಕೆಸರು ಅದಕ್ಕೆ ಬಡಿದು ಅಲ್ಲಿಯೇ ನಿಲ್ಲುತ್ತಿತ್ತು. ಗೇಟ್‌ವೇ ಬಳಿ ಓಡುತ್ತಿದ್ದ ವಿಕ್ಟೋರಿಯಾ ಗಾಡಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2015ರಲ್ಲಿ ಬಾಂಬೆ ಹೈಕೋರ್ಟ್ ಅವುಗಳಿಗೆ ಮಂಗಳ ಹಾಡಿತು, ಈಗಿನವರು ಚಿತ್ರದಲ್ಲಿ ನೋಡಿಕೊಳ್ಳಲಿ. ಕುದುರೆ ಹೋಗಿ ಇಂಜಿನ್ ಬಂತು, ಹಲಗೆ ಉಳಿಯಿತು, ಅದರ ಮೇಲೆ ಮೀಟರುಗಳು ಬಂದು ಕುಳಿತವು.

ಆದ್ದರಿಂದ ಸರಿಯಾದ ಪದ ‘ಸಿಡಿತಡೆ’. ಚರ್ಚೆಗೆ ಎಡೆಯೇ ಇಲ್ಲ.

ಠಾಣೆ

ರಾಯರ ಕುದುರೆ ಕಥೆ ಚೆನ್ನಾಗಿದೆ. ಆದರೆ ಈಗ ಅಲ್ಲಿ ಏನು ಸಿಡಿಯುತ್ತದೆ, ಅದು ಏನನ್ನು ತಡೆಯುತ್ತದೆ? ‘ಸಿಡಿತಡೆ’ ಎಂದರೆ ಓದುವವನು ಮಡ್‌ಗಾರ್ಡ್ ಬಿಚ್ಚಲು ಹೋಗುತ್ತಾನೆ.

ನಮ್ಮದೇ ಸಂಧಿ ಇರುವಾಗ ಕುದುರೆಯ ಬಾಲ ಹಿಡಿಯುವುದೇಕೆ? ಕಣ್ಣಿನ ಪನಿ ಕಂಬನಿಯಾದ ಹಾಗೆ ಮುಂದಿನ ಪಲಗೆ ‘ಮುಂಬಲಗೆ’. ಹೇಳಲು ಹಗುರ, ಅಚ್ಚ ಕನ್ನಡ. ‘ಮುಂಭಾಗದ ಉಪಕರಣ ಫಲಕ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಬೇಡ. ಅದು ಸರ್ಕಾರಿ ಸುತ್ತೋಲೆಯ ಕನ್ನಡ.

ಧನಕವಡಿ

ಮುಂಬಲಗೆ ನನಗೂ ಇಷ್ಟವಾಯಿತು. ಒಂದು ತೊಡಕಿದೆ. ಈ ಹುಡುಗರ ಊರಿನಲ್ಲಿ ಹಲಗೆ ಎಂದರೆ ಜಾತ್ರೆಯಲ್ಲಿ ಬಾರಿಸುವ ವಾದ್ಯ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಬ್ಬರಿಗೆ ಓದಿ ಹೇಳಿದೆ. ಒಬ್ಬ ತಟ್ಟೆಯನ್ನು ತಿರುವಿ ಬಾರಿಸಿಯೇ ತೋರಿಸಿದ.

ಮಾಟುಂಗಾ

ಹುಡುಗರು ನಕ್ಕರೆಂದು ಪದ ಬಿಡುವುದಾದರೆ ನಿಘಂಟನ್ನು ನಗೆಹಬ್ಬದವರಿಗೆ ಒಪ್ಪಿಸಿಬಿಡಿ. ನನ್ನ ಪದದಲ್ಲಿ ಹಲಗೆ ಇಲ್ಲ ಎಂಬುದನ್ನಾದರೂ ಗಮನಿಸಿ.

ಡೊಂಬಿವಲಿ

ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ: ಜೀರ್ಣೋದ್ಧಾರ. ಸಿದ್ಧವಾಗಿರುವ ಪದ, ಎಲ್ಲರಿಗೂ ಗೊತ್ತು. ಹಳೆಯದನ್ನು ಕೆಡವದೆ, ಇದ್ದ ರೂಪದಲ್ಲಿಯೇ ನಿಲ್ಲಿಸುವ ಭಾವ ಅದರಲ್ಲಿದೆ. ‘ನವೀಕರಣ’ದಲ್ಲಿ ಹೊಸತು ಮಾಡುವ ಚಪಲವಿದೆ. ಹಳೆಯ ಗಾಡಿಯ ಹವ್ಯಾಸಿಗಳಿಗೆ ಅದು ಬೈಗುಳ.

ಠಾಣೆ

ಜೀರ್ಣೋದ್ಧಾರವಾದರೆ ಬ್ರಹ್ಮಕಲಶವೂ ಆಗಬೇಕಲ್ಲ? ತಂತ್ರಿಗಳನ್ನು ಉಡುಪಿಯಿಂದ ಕರೆಸುತ್ತೀರೋ, ಚೆಂಬೂರಿನಲ್ಲಿ ಸಿಗುತ್ತಾರೋ?

ವಾಸ್ಕೋ, ಗೋವಾ

ತಂಗಿ, ನಾನು ಭಾಷಾಶಾಸ್ತ್ರ ಓದಿದವನಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಇಲ್ಲಿ ಗ್ಯಾರೇಜ್ ಹಾಕಿದವನು, ಈ ಬಳಗದ ಪತ್ರಗಳನ್ನು ಮನರಂಜನೆಗೆ ಓದುತ್ತೇನೆ. ಇವತ್ತು ಕೈ ಹಾಕಲೇಬೇಕಾಯಿತು. ನೀವು ಪದ ಹುಡುಕುವ ಮೊದಲು ಯಾವ ವಸ್ತುವಿನ ಪದ ಎಂದು ತೀರ್ಮಾನಿಸಿ. ಇಲ್ಲದಿದ್ದರೆ ಆ ಹಾಳೆಯಿಂದಲೇ ಇನ್ನೊಂದು ಗಾಡಿ ಹಾಳಾಗುತ್ತದೆ.

ಬಾಡಿ ಕೆಲಸದ ಪುಸ್ತಕಗಳಲ್ಲಿ ‘ಡ್ಯಾಶ್ ಪ್ಯಾನೆಲ್’ ಎಂದರೆ ಇಂಜಿನ್ನಿಗೂ ನಿಮ್ಮ ಕಾಲಿಗೂ ನಡುವೆ ಇರುವ ತಗಡಿನ ಗೋಡೆ. ಮಾಟುಂಗಾದ ಹಿರಿಯರು ಹೇಳಿದ ಕೆಸರಿನ ಹಲಗೆ ಇರುತ್ತಿದ್ದದ್ದು ಆ ಜಾಗದಲ್ಲಿಯೇ, ಅವರ ಪದ ಆ ಗೋಡೆಗೆ ಸಲ್ಲುತ್ತದೆ. ಮೀಟರುಗಳು ಕೂರುವ ಭಾಗವನ್ನು ಬ್ರಿಟಿಷ್ ಪುಸ್ತಕಗಳು ‘ಫೇಷಿಯಾ’ ಎನ್ನುತ್ತವೆ. ನಿಮ್ಮ ಕೈಯಲ್ಲಿರುವ ಇಂಗ್ಲಿಷ್ ಹಾಳೆಯಲ್ಲಿ ಎರಡೂ ಮಾತು ಬಂದಿದ್ದರೆ ಎರಡಕ್ಕೂ ಒಂದೇ ಕನ್ನಡ ಪದ ಹಾಕಬೇಡಿ.

ಇನ್ನೊಂದು ವಿಷಯ. ಎಲ್ಲ ಗಾಡಿಗಳ ಡ್ಯಾಶ್‌ಬೋರ್ಡೂ ಹೊರಗೆ ಬರುವುದಿಲ್ಲ. ಹಳೆಯ ಗಾಡಿಗಳಲ್ಲಿ ಹಲವಕ್ಕೆ ಆ ಉಕ್ಕಿನ ತಗಡು ಬಾಡಿಗೆ ವೆಲ್ಡ್ ಆಗಿಯೇ ಇರುತ್ತದೆ. ಅಂಥದ್ದರಲ್ಲಿ ಹೊರಗೆ ಬರುವುದು ಮೀಟರಿನ ಗೂಡು, ಮೇಲಿನ ಮೆತ್ತೆ, ಗ್ಲವ್ ಬಾಕ್ಸ್, ಸ್ವಿಚ್ಚುಗಳು, ಅಷ್ಟೇ. ‘ಡ್ಯಾಶ್‌ಬೋರ್ಡ್ ತೆಗೆಯಿರಿ’ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಇದ್ದರೆ ವಿಧೇಯ ಹುಡುಗ ಸಬ್ಬಲು ಹಾಕಿಯಾದರೂ ತೆಗೆಯುತ್ತಾನೆ. ನಾವು ‘ಮೀಟರ್ ಬೋರ್ಡ್’ ಎನ್ನುತ್ತೇವೆ. ಹುಬ್ಬಳ್ಳಿಯಲ್ಲಿಯೂ ಅದೇ, ಇಲ್ಲಿಯೂ ಅದೇ. ಹುಡುಗರಿಗೆ ತಕ್ಷಣ ತಿಳಿಯುತ್ತದೆ.

ಕ್ರಿಯಾಪದ: ನಟ್ಟು, ತಿರುಪು ಬಿಚ್ಚುತ್ತೇವೆ. ಬಲ್ಬಿನ ಹೋಲ್ಡರನ್ನು ಎಳೆದು ತೆಗೆಯುತ್ತೇವೆ. ಸ್ಪೀಡೋಮೀಟರ್ ಕೇಬಲನ್ನು ಕಳಚುತ್ತೇವೆ. ಅದರ ತುದಿಯಲ್ಲಿ ಗೀರುಗೀರಾದ ಒಂದು ಉಂಗುರ ಇರುತ್ತದೆ. ಕೈಯನ್ನು ಮೀಟರಿನ ಹಿಂದೆ ತೂರಿಸಿ, ಕಣ್ಣಿಗೆ ಕಾಣದಿದ್ದರೂ ಎರಡು ಬೆರಳಿನಿಂದಲೇ ತಿರುಗಿಸಬೇಕು. ಅಲ್ಲಿ ಪಾನಾ, ಅಂದರೆ ಸ್ಪ್ಯಾನರ್, ಹಾಕಿದರೆ ಎಳೆ ಹೋಗುತ್ತದೆ. ಮರಳಿ ಕೂರಿಸುವ ಉದ್ದೇಶದಿಂದ ಬೇರೆ ಮಾಡುವುದು ಕಳಚುವುದು. ಗುಜರಿಗೆ ಹಾಕಲು ಬೇರೆ ಮಾಡುವುದು ಕೀಳುವುದು. ತಲೆಬರಹಕ್ಕೆ ‘ಕಳಚುವ ಕ್ರಮ’ ಸಾಕು.

ಮಾಟುಂಗಾ

ಹಾವು ಪೊರೆ ಕಳಚುತ್ತದೆ. ಮರಳಿ ಕೂರಿಸಿಕೊಳ್ಳುತ್ತದೆಯೇ?

ಮತ್ತೆ, ‘ಪಾನಾ’ ಎಂಬುದು ಯಾವ ಕನ್ನಡ? ಮರಾಠಿಯ ಎಂಜಲು. ಹೊರನಾಡಿನಲ್ಲಿ ಇದ್ದುಕೊಂಡು ನಾವೇ ಹೀಗೆ ಬರೆದರೆ ಒಳನಾಡಿನವರನ್ನು ದೂರಿ ಫಲವೇನು?

ಚಿಂಚವಡ, ಪುಣೆ

ಎಂಜಲಿನ ಲೆಕ್ಕ ತೆಗೆದರೆ ಮಡಿಯಲ್ಲಿ ಉಳಿಯುವವರು ಯಾರು? ಪಗಾರ ಪೋರ್ಚುಗೀಸರದು, ಚಾವಿ ಅವರದೇ, ಬಟಾಟೆ ಅವರ ಹಡಗಿನಲ್ಲಿಯೇ ಬಂದದ್ದು. ಕುರ್ಚಿ ಅರಬ್ಬಿಯಿಂದ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಿದೆ. ಅತ್ತ ಮರಾಠಿಯವರು ನಮ್ಮ ಅಡಕತ್ತರಿಯನ್ನು ಒಯ್ದು ‘ಅಡಕಿತ್ತಾ’ ಮಾಡಿಕೊಂಡು ಅದರಲ್ಲಿಯೇ ಅಡಕೆ ಕತ್ತರಿಸುತ್ತಾರೆ. ಅಣ್ಣ, ಅಕ್ಕ ಇಬ್ಬರನ್ನೂ ಕೊಟ್ಟಿದ್ದೇವೆ. ಯಾರೂ ಮರಳಿ ಕೇಳಿಲ್ಲ.

ಮೂಲಾರ್ಥವೇ ಪ್ರಮಾಣ ಎನ್ನುವವರು ಸ್ಟೆಪ್ನಿಗೆ, ಅಂದರೆ ಗಾಡಿಯ ಹೆಚ್ಚುವರಿ ಚಕ್ರಕ್ಕೆ, ಕನ್ನಡ ಪದ ಹೇಳಲಿ. ವೇಲ್ಸಿನ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಅಂಥ ಚಕ್ರ ತಯಾರಾಯಿತು, ಹೆಸರು ಅಂಟಿಕೊಂಡಿತು. ಅನುವಾದಿಸುವುದಾದರೆ ಅದನ್ನು ‘ಬೀದಿಚಕ್ರ’ ಎನ್ನಬೇಕು.

ಠಾಣೆ

ಎರವಲು ತಪ್ಪೆಂದು ನಾನು ಹೇಳಲಿಲ್ಲ. ಪದ ಕಟ್ಟುವ ಅಭ್ಯಾಸವೇ ತಪ್ಪಿಹೋದರೆ ಎರವಲು ಎಂಬುದು ಆಯ್ಕೆಯಾಗಿ ಉಳಿಯುವುದಿಲ್ಲ, ಗತಿಯಾಗುತ್ತದೆ. ಬಟಾಟೆ ಬಂದಾಗ ಆಲೂಗಡ್ಡೆ, ಉರುಳಗಡ್ಡೆ ಎಂದು ಕರೆದವರೂ ಇದ್ದರು, ಅವೂ ಬದುಕಿವೆ. ಈಗ ಹಾಗೆ ಕರೆಯುವವರೇ ಇಲ್ಲ. ಯಾರಾದರೂ ಕರೆದರೆ ಹಲಗೆ ಬಾರಿಸಿ ನಗುತ್ತಾರೆ. ಚಿಂಚವಡದವರ ಪಟ್ಟಿಯನ್ನು ಪ್ರತಿ ಚರ್ಚೆಯಲ್ಲಿಯೂ ಓದಿದ್ದೇವೆ. ಅದರಿಂದ ಇದುವರೆಗೆ ಒಂದು ಪದವೂ ಹುಟ್ಟಿಲ್ಲ.

ಚಿಂಚವಡ

ಆಲೂ ಎಲ್ಲಿಂದ ಬಂತು ಎಂದು ಕೇಳಬಹುದೇ?

ಡೊಂಬಿವಲಿ

ಇಬ್ಬರೂ ಸ್ವಲ್ಪ ತಾಳಿ. ಕುರ್ಲಾದ ಕಾರ್ಖಾನೆಯಿಂದ ಬಂದ ಫಿಯೆಟ್ 1100ಕ್ಕೆ 1970ರ ದಶಕದಲ್ಲಿ ‘ಪದ್ಮಿನಿ’ ಎಂದು ಹೆಸರಿಟ್ಟಾಗ ಇಟಲಿಯವರೂ ಅಳಲಿಲ್ಲ, ರಾಣಿ ಪದ್ಮಿನಿಯ ಚಿತ್ತೋರ್‌ಗಢದವರೂ ಅಳಲಿಲ್ಲ. ಮುಂಬಯಿಯ ಟ್ಯಾಕ್ಸಿಯವರು ಆಮೇಲೂ ಅದನ್ನು ಫಿಯೆಟ್ ಎಂದೇ ಕರೆದರು. 2023ರ ಅಕ್ಟೋಬರ್‌ನಲ್ಲಿ ಅದು ಟ್ಯಾಕ್ಸಿಯಾಗಿ ಓಡುವುದು ನಿಂತಾಗ ಪತ್ರಿಕೆಗಳು ಮಾತ್ರ ‘ಪದ್ಮಿನಿಗೆ ವಿದಾಯ’ ಎಂದು ಬರೆದವು. ಕಾಗದದ ಹೆಸರು ಒಂದು, ಬಾಯಿಯ ಹೆಸರು ಇನ್ನೊಂದು. ಗೋಡೆಯ ಹಾಳೆಗೆ ಬಾಯಿಯದೇ ಬೇಕು.

ಜೀರ್ಣೋದ್ಧಾರವನ್ನು ಹಿಂತೆಗೆದುಕೊಂಡಿಲ್ಲ.

ಧನಕವಡಿ. ಶನಿವಾರ ಮಧ್ಯಾಹ್ನ

ಎಲ್ಲರಿಗೂ ಕೃತಜ್ಞತೆಗಳು. ವಾಸ್ಕೋದ ಅಣ್ಣನವರ ಮಾತು ಹಿಡಿದು ಇಂಗ್ಲಿಷ್ ಹಾಳೆಯನ್ನು ಮತ್ತೆ ನೋಡಿದೆ. ಎರಡು ಕಡೆ ‘ಡ್ಯಾಶ್’ ಎಂದಿರುವುದು ಆ ತಗಡಿನ ಗೋಡೆಯೇ. ಅದಕ್ಕೆ ‘ಇಂಜಿನ್ ಗೋಡೆ’ ಎಂದು ಹಾಕಿದ್ದೇನೆ. ಜೀರ್ಣೋದ್ಧಾರವನ್ನು ಹಾಳೆಯಿಂದಲೇ ಬಿಟ್ಟೆ. ಹುಡುಗರಿಗೆ ತಾವು ಮಾಡುತ್ತಿರುವುದೇನೆಂದು ಗೊತ್ತಿದೆ. ಕರಡು ಹೀಗಿದೆ, ತಪ್ಪಿದ್ದರೆ ಸಂಜೆ ಐದರೊಳಗೆ ತಿಳಿಸಿ:

ಮೀಟರ್ ಬೋರ್ಡ್ ಕಳಚುವ ಕ್ರಮ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ. ಬೋರ್ಡಿನ ಮುಂದಿನಿಂದಲೂ ಹಿಂದಿನಿಂದಲೂ ಫೋಟೊ ತೆಗೆದುಕೊಳ್ಳಿ. ಪ್ರತಿ ತಂತಿಗೂ ಟೇಪ್ ಸುತ್ತಿ ಸಂಖ್ಯೆ ಬರೆಯಿರಿ. ಬಣ್ಣವನ್ನು ನಂಬಬೇಡಿ, ಹಳೆಯ ಗಾಡಿಯಲ್ಲಿ ಕಂದು, ಕಪ್ಪು, ಹಸಿರು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಸ್ಪೀಡೋಮೀಟರ್ ಕೇಬಲಿನ ಉಂಗುರವನ್ನು ಬೆರಳಿನಿಂದ ತಿರುಗಿಸಿ ಕಳಚಿ, ಪಾನಾ ಹಾಕಬೇಡಿ. ಟೆಂಪರೇಚರ್ ಮೀಟರಿನ ನಳಿಗೆ ವೈರ್ ಅಲ್ಲ. ಅದನ್ನು ಕತ್ತರಿಸಬೇಡಿ, ಮಡಚಬೇಡಿ. ಇಂಜಿನ್ ಕಡೆಯ ತುದಿಯನ್ನು ಬಿಚ್ಚಿ ಮೀಟರಿನ ಜೊತೆಗೇ ಹೊರಗೆ ತನ್ನಿ. ಬಿಚ್ಚಿದ ತಿರುಪುಗಳನ್ನು ಆಯಾ ಭಾಗದ ಹೆಸರು ಬರೆದ ಡಬ್ಬಿಯಲ್ಲಿ ಹಾಕಿ. ಯಾವುದೇ ಭಾಗ ಅಲುಗದಿದ್ದರೆ ಜಗ್ಗಬೇಡಿ, ವೆಲ್ಡ್ ಇದೆಯೇ ನೋಡಿ, ಕೇಳಿ.

ಮಾಟುಂಗಾ

‘ನಳಿಗೆ’ ಒಳ್ಳೆಯ ಪದ. ಉಳಿದದ್ದರ ಬಗ್ಗೆ ನನ್ನ ಅಭಿಪ್ರಾಯ ತಿಳಿದೇ ಇದೆ.

ವಾಸ್ಕೋ

ಮೊದಲನೆಯ ಸಾಲು ತಪ್ಪು. ‘ನೆಗೆಟಿವ್’ ಎಂದು ಬರೆಯಬೇಡಿ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ 1960ರ ದಶಕದವರೆಗೂ ಹೆಚ್ಚಿನವು ಪಾಸಿಟಿವ್ ಅರ್ಥ್. ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಗಾಡಿಯ ತಗಡಿಗೆ ಜೋಡಿಸಿರುತ್ತಾರೆ. ನಿಮ್ಮ ಎಂಜಿಯೂ 1967ಕ್ಕಿಂತ ಹಿಂದಿನದಾದರೆ ಹಾಗೆಯೇ ಇರಬೇಕು, ನಡುವೆ ಯಾರಾದರೂ ಬದಲಿಸಿರದಿದ್ದರೆ. ಅದರಲ್ಲಿ ಮೊದಲು ನೆಗೆಟಿವ್ ಬಿಚ್ಚಲು ಹೋಗಿ ಪಾನಾ ಬಾನೆಟ್ಟಿಗೆ ತಗುಲಿದರೆ ಕಿಡಿ ಹಾರುತ್ತದೆ. ಯಾವ ತುದಿಯಾದರೂ ಆಗಲಿ, ತಗಡಿಗೆ ಸೇರಿದ್ದನ್ನೇ ಮೊದಲು ಕಳಚಬೇಕು. ‘ಬಾಡಿಗೆ ಸೇರಿದ ತಂತಿ’ ಎಂದು ತಿದ್ದಿ.

ಚಿಂಚವಡ

‘ಬಾಡಿಗೆ ತಂತಿ’ಯನ್ನು ಯಾರಿಂದ ತರುವುದು, ದಿನಕ್ಕೆ ಎಷ್ಟು?

ಡೊಂಬಿವಲಿ

‘ಅರ್ಥ್ ತಂತಿ’ ಎಂದರಾಯಿತು.

ಚಿಂಚವಡ

ಅಂದರೆ ಅರ್ಥವುಳ್ಳದ್ದು. ಉಳಿದವು ವ್ಯರ್ಥ.

ಠಾಣೆ

ಕನ್ನಡದಲ್ಲಿ ‘ಮೈ’ ಎಂದು ಒಂದು ಪದ ಇದೆ. ಇಲ್ಲಿ ಎಲ್ಲರೂ ಮರೆತಂತಿದೆ. ‘ಗಾಡಿಯ ಮೈಗೆ ಸೇರಿದ ತಂತಿ’.

ವಾಸ್ಕೋ

ಸರಿಯಾಗಿದೆ. ಹುಡುಗರಿಗೂ ತಿಳಿಯುತ್ತದೆ. ಪೇಂಟಿನವರು ‘ಮೈ ಉಜ್ಜು’ ಎಂದೇ ಹೇಳುವುದು.

ಧನಕವಡಿ. ಶನಿವಾರ, ನಾಲ್ಕೂಮುಕ್ಕಾಲು

‘ಮೈಗೆ ಸೇರಿದ ತಂತಿ’ ಎಂದು ತಿದ್ದಿ ಕಳುಹಿಸಿದೆ. ಮುದ್ರಕರ ಬಳಿ ಕನ್ನಡದ ಒಂದೇ ಫಾಂಟ್ ಇದೆಯಂತೆ, ಅದರಲ್ಲಿ ‘ಳಿ’ ಒಡೆದು ಬರುತ್ತದೆಯಂತೆ. ‘ನಳಿಗೆ’ ಸರಿಯಾಗಿ ಬಂದಿದೆಯೇ ಎಂದು ಅಂಗಡಿಗೆ ಹೋಗಿ ನೋಡಿಕೊಂಡು ಬರುತ್ತೇನೆ.