ರೋಡಿಯೋಲಾ ಗಿಡದ ಉಬ್ಬು: ಗಂಟೋ, ಗುಳ್ಳೆಯೋ?

ಮಾನ್ಯರೇ,

ಉತ್ತರ ಧ್ರುವದ ಸುತ್ತಲಿನ ಶೀತಪ್ರದೇಶಗಳಲ್ಲಿ ಬೆಳೆಯುವ ರೋಡಿಯೋಲಾ ರೋಸಿಯಾ ಎಂಬ ಔಷಧಿ ಸಸ್ಯದ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಲಿನೇಯಸ್ 1753ರಲ್ಲಿ ಹೆಸರಿಟ್ಟ ಈ ಗಿಡದ ಬೇರುಗಡ್ಡೆಯನ್ನು ಕೊಯ್ದರೆ ಗುಲಾಬಿಯ ಪರಿಮಳ ಬರುತ್ತದೆ. ಸ್ಕ್ಯಾಂಡಿನೇವಿಯಾ, ಸೈಬೀರಿಯಾಗಳಲ್ಲಿ ಅದನ್ನು ದಣಿವಿಗೆ ಮದ್ದಾಗಿ ಬಳಸುತ್ತ ಬಂದಿದ್ದಾರೆ. ಅಸೇರಿಯಾ ರೋಡಿಯೋಲೇ ಎಂಬ, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಉದ್ದದ ಜೀವಿ ಈ ಗಿಡದ ಮೇಲೆ ಉಬ್ಬುಗಳನ್ನು ಎಬ್ಬಿಸುತ್ತದೆ. ಇಂಗ್ಲಿಷಿನಲ್ಲಿ ‘ಮೈಟ್’ ಎನ್ನುವ ಈ ಜೀವಿಗೂ ‘ಗಾಲ್’ ಎನ್ನುವ ಈ ಉಬ್ಬಿಗೂ ಕನ್ನಡದಲ್ಲಿ ಯಾವ ಪದ ಬಳಸಬೇಕೆಂಬುದು ನನ್ನ ಪ್ರಶ್ನೆ.

ಜೀವಿಗೆ ‘ನುಸಿ’ ಎನ್ನಬಹುದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹಬ್ಬಿದ ತೆಂಗಿನ ನುಸಿ ಇದೇ ಕುಲದ್ದು. ಆದರೆ ಮೆಣಸಿನಕಾಯಿ ಬೆಳೆಯುವಲ್ಲಿ ‘ಥ್ರಿಪ್ಸ್ ನುಸಿ’, ‘ಮೈಟ್ ನುಸಿ’ ಎರಡೂ ಬಳಕೆಯಲ್ಲಿವೆ. ಥ್ರಿಪ್ಸ್ ಆರು ಕಾಲಿನ ಕೀಟ, ಅಸೇರಿಯಾ ನಾಲ್ಕೇ ಕಾಲಿನ, ಜೇಡದ ಬಳಗದ ಜೀವಿ. ನುಸಿಗುಳಿಗೆಯ ನುಸಿಯಂತೂ ಬೇರೆಯೇ.

ಉಬ್ಬಿನ ಹೆಸರು ಇನ್ನೂ ತೊಡಕಿನದು. ಗ್ರಂಧಿಗೆ ಅಂಗಡಿಯ ಮಾಚಿಕಾಯಿ ಹೆಸರಿಗೆ ಕಾಯಿಯಾದರೂ ಓಕ್ ಮರದಲ್ಲಿ ಕಣಜದ ಜಾತಿಯ ಪುಟ್ಟ ಕೀಟವೊಂದು ಎಬ್ಬಿಸುವ ಇಂಥದ್ದೇ ಉಬ್ಬು. ಅದರ ಒಗರು ಟ್ಯಾನಿನ್ ಎಂಬ ಸಸ್ಯ ರಾಸಾಯನಿಕದ್ದು. ಹೊಂಗೆಯ ಎಲೆಯ ಮೇಲೆ ಸಾಲುಸಾಲಾಗಿ ಏಳುವ ಉಬ್ಬುಗಳೂ ಅಸೇರಿಯಾ ಕುಲದ ನುಸಿಯವೇ. ‘ಗುಳ್ಳೆ’ ಎಂದರೆ ಒಳಗೆ ನೀರೋ ಕೀವೋ ಇರಬೇಕೆನಿಸುತ್ತದೆ, ‘ಗೂಡು’ ಎಂದರೆ ನುಸಿಯೇ ಕಟ್ಟಿದ್ದೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವದಲ್ಲಿ ಅದು ಗಿಡದ್ದೇ ಅಂಗಾಂಶ: ನುಸಿಯು ಸೂಜಿಯಂಥ ಬಾಯಿಯಿಂದ ಚುಚ್ಚಿ ಜೊಲ್ಲು ಸೇರಿಸಿದಾಗ ಸುತ್ತಲಿನ ಜೀವಕೋಶಗಳು ಹಿಗ್ಗಿ, ವಿಭಜನೆಗೊಂಡು ಹೆಚ್ಚಿ, ಅದಕ್ಕೆ ಆಹಾರವನ್ನೂ ಆಸರೆಯನ್ನೂ ಒದಗಿಸುತ್ತವೆ. ಆದ್ದರಿಂದ ‘ಬೇರುಗಂಟು ರೋಗ’ದಲ್ಲಿ ಈಗಾಗಲೇ ನೆಲೆಯೂರಿರುವ ‘ಗಂಟು’ ಎಂಬುದೇ ನನಗೆ ಮೇಲೆನಿಸುತ್ತದೆ, ಕಬ್ಬಿನ ಗಿಣ್ಣನ್ನೂ ಗಂಟೆನ್ನುವುದುಂಟಾದರೂ.

ಕ್ರಿಯಾಪದದ ಪ್ರಶ್ನೆಯೂ ಇದೆ: ಗಂಟು ಗಿಡದ ಔಷಧಾಂಶವನ್ನು ಏನು ಮಾಡುತ್ತದೆ ಎನ್ನಬೇಕು? ಗಂಟಾದ ಭಾಗದಲ್ಲಿ ಟ್ಯಾನಿನ್ ಮೊದಲಾದ ಫೀನಾಲ್ ಸಂಯುಕ್ತಗಳ ಪ್ರಮಾಣ ಎಷ್ಟೋ ಸಸ್ಯಗಳಲ್ಲಿ ಏರುತ್ತದೆ, ಕೆಲವುಗಳಲ್ಲಿ ಇಳಿಯುತ್ತದೆ. ರೋಡಿಯೋಲಾದ ಬೇರುಗಡ್ಡೆಯಲ್ಲಿರುವ ಔಷಧಾಂಶಗಳಲ್ಲೊಂದಾದ ರೋಸಾವಿನ್, ಕೆಲವು ಬಗೆಯ ಟ್ಯಾನಿನ್ನುಗಳು ಹುಟ್ಟುವ ಜೀವರಾಸಾಯನಿಕ ಹಾದಿಯಲ್ಲೇ, ಫೀನೈಲಲನೀನ್ ಎಂಬ ಅಮೈನೋ ಆಮ್ಲದಿಂದ ತಯಾರಾಗುತ್ತದೆ. ಇನ್ನೊಂದು ಔಷಧಾಂಶವಾದ ಸ್ಯಾಲಿಡ್ರೊಸೈಡ್ ಹುಟ್ಟುವುದು ಟೈರೊಸೀನ್ ಎಂಬ ಬೇರೊಂದು ಅಮೈನೋ ಆಮ್ಲದಿಂದ. ಹೀಗಿರುವಾಗ ಮೇಲಿನ ಗಂಟು ಕೆಳಗಿನ ಗಡ್ಡೆಯ ಔಷಧಾಂಶವನ್ನು ‘ಕೆಡಿಸುತ್ತದೆ’ ಎಂದು ಬರೆದರೆ ತೀರ್ಪು ಕೊಟ್ಟಂತಾಗುತ್ತದೆ; ‘ಬದಲಿಸುತ್ತದೆ’ ಎಂದರೆ ಏರಿಳಿತದ ಸುಳಿವೇ ಸಿಗುವುದಿಲ್ಲ.

‘ಗಂಟುನುಸಿ’ ಎಂಬ ಸಮಾಸ ಎಲ್ಲಿಯಾದರೂ ಬಳಕೆಯಲ್ಲಿದೆಯೇ? ಹೊಂಗೆ ಎಲೆಯ ಉಬ್ಬಿಗೆ ತಮ್ಮ ಸೀಮೆಯಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಬೇಕು.