ಅಕ್ಕಾ, ಭಾವನನ್ನು ಬಾನೆಟ್ ಎತ್ತಲು ಬಿಡು

ಅಕ್ಕಾ, ಈಗಷ್ಟೇ ಗ್ರೂಪ್ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಭಾವ ಕಾರಿನ ಬ್ಯಾಟರಿ ಬಿಚ್ಚಲು ಹೊರಟಿದ್ದಾರೆ. ಅದರ ಮೇಲೆ 500 ಆಂಪ್ ಅಂತ ಬರೆದಿದೆ. 0.1 ಆಂಪ್ ಎದೆಯ ಮೂಲಕ ಹರಿದರೇ ಜೀವಕ್ಕೆ ಅಪಾಯ ಅಂತ ಯಾರೋ ಕಳಿಸಿದ್ದಾರೆ, ಹಾಗಾದ್ರೆ 500 ಅಂದ್ರೆ ಏನು ಗತಿ ಅನ್ನೋದು ನಿನ್ನ ಪ್ರಶ್ನೆ. ಅಲ್ವಾ?

ಒಣಗಿದ ಕೈಯಲ್ಲಿ ಎರಡೂ ಟರ್ಮಿನಲ್ ಒಟ್ಟಿಗೆ ಮುಟ್ಟಿದರೂ ಭಾವನಿಗೆ ಶಾಕ್ ಹೊಡೆಯುವುದಿಲ್ಲ. ಚುರುಕ್ ಅಂತಲೂ ಅನ್ನಿಸುವುದಿಲ್ಲ. ಆ 0.1ರ ಮಾತು ಸುಳ್ಳಲ್ಲ. ಆದರೆ ಅದು ಮೈಯೊಳಗೆ ಹರಿಯುವ ಕರೆಂಟಿನ ಲೆಕ್ಕ. ಬ್ಯಾಟರಿ ಮೇಲಿನ 500, ಕೇಳಿದರೆ ಇಷ್ಟು ಕೊಡಬಲ್ಲೆ ಅನ್ನುವ ಲೆಕ್ಕ. ಪಕ್ಕದಲ್ಲಿ ಸಿಸಿಎ, ಅಂದ್ರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಅಂತ ಇದ್ದರೆ ಮೈನಸ್ 18 ಡಿಗ್ರಿ ಚಳಿಯಲ್ಲೂ ಕೆಲವು ಸೆಕೆಂಡ್ ಅಷ್ಟು ಕೊಡುತ್ತದೆ ಅಂತ ಅರ್ಥ. ಅಷ್ಟನ್ನು ಕೇಳುವುದು ಸ್ಟಾರ್ಟರ್ ಮೋಟರ್. ನಮ್ಮ ಚರ್ಮ ಕೇಳುವುದಿಲ್ಲ.

ಕರೆಂಟನ್ನು ತಳ್ಳುವುದು ವೋಲ್ಟೇಜ್. ಬ್ಯಾಟರಿಯೊಳಗೆ ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್, ಫುಲ್ ಚಾರ್ಜ್ ಆದಾಗ 12.6. ಒಣ ಕೈಯ ತಡೆ 10,000 ಓಮ್ ಅಂತ ಇಟ್ಟುಕೋ. ಭಾಗಿಸಿದರೆ 0.00126 ಆಂಪ್. ಅಷ್ಟೇ! ಅದೇ ಕೈ ಗೋಡೆಯ ಪ್ಲಗ್‌ನ 230 ವೋಲ್ಟಿಗೆ ತಾಗಿದರೆ ಕತೆ ಬೇರೆ. ವೋಲ್ಟ್ ಜಾಸ್ತಿ ಆದ ಹಾಗೆ ಚರ್ಮದ ತಡೆಯೂ ಕುಸಿಯುತ್ತದೆ. ಕೈ ಒದ್ದೆ ಇದ್ದರೆ, ಗಾಯ ಇದ್ದರೆ 12 ವೋಲ್ಟಿಗೂ ಸ್ವಲ್ಪ ಜುಮ್ ಅನ್ನಬಹುದು, ಒರೆಸಿಕೊಂಡು ಮುಟ್ಟಲಿ. ಎಷ್ಟೋ ಸಲ ಟರ್ಮಿನಲ್ ಮೇಲಿನ ಆಸಿಡ್ ಗಾಯಕ್ಕೆ ತಾಗಿ ಉರಿದದ್ದನ್ನೇ ಶಾಕ್ ಅಂದುಕೊಳ್ಳುತ್ತಾರೆ.

ಹೆದರಬೇಕಾದದ್ದು ಸ್ಪ್ಯಾನರಿಗೆ. ಒಂದು ಸಲ ನಾನು ಅವಸರದಲ್ಲಿ ಪ್ಲಸ್ ಕಡೆಯ ನಟ್ ಮೊದಲು ಸಡಿಲಿಸಲು ಹೋದೆ. ಸ್ಪ್ಯಾನರಿನ ಇನ್ನೊಂದು ತುದಿ ಕಾರಿನ ಬಾಡಿಗೆ ತಾಗಿತು. ಟಪ್ ಅಂತ ಸದ್ದು, ಕಣ್ಣಿಗೆ ಹೊಡೆಯುವ ಕಿಡಿ, ಕೈಯಿಂದ ಸ್ಪ್ಯಾನರ್ ಹಾರಿಹೋಯಿತು. ಹುಡುಕಿ ನೋಡಿದರೆ ಕಬ್ಬಿಣ ಕರಗಿ ಕಚ್ಚು ಬಿದ್ದಿತ್ತು. ನನಗೆ ಶಾಕ್ ಆಗಲೇ ಇಲ್ಲ ನೋಡು, ಕಬ್ಬಿಣ ಮಾತ್ರ ಕರಗಿತು. ಲೋಹಕ್ಕೆ ತಡೆ ತೀರಾ ಕಡಿಮೆ, ಬ್ಯಾಟರಿ ಕೊಡಬಲ್ಲಷ್ಟೂ ಕರೆಂಟ್ ಹರಿಯುತ್ತದೆ. ಸ್ಪ್ಯಾನರಿನ ಜಾಗದಲ್ಲಿ ಬೆರಳಿನ ಉಂಗುರ ಇದ್ದಿದ್ದರೆ? ಕ್ಷಣದಲ್ಲಿ ಕಾದು ಬೆರಳನ್ನು ಸುಟ್ಟುಬಿಡುತ್ತದೆ. ಅದಕ್ಕೇ ಉಂಗುರ, ವಾಚು, ಕಡಗ ಎಲ್ಲ ಮೊದಲೇ ತೆಗೆಸು.

ಮೈನಸ್ ಮೊದಲು ಬಿಚ್ಚಬೇಕು, ಹಾಕುವಾಗ ಮೈನಸ್ ಕೊನೆಗೆ. ಸಾಮಾನ್ಯವಾಗಿ ಕಾರಿನ ಬಾಡಿಗೆ ಕಟ್ಟಿರುವುದು ಮೈನಸ್ ತಾನೆ? ಅದನ್ನು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ. ಒಂದು ಸಲ ಅದು ಕಳಚಿತು ಅಂದ್ರೆ ಪ್ಲಸ್ ಬಿಚ್ಚುವಾಗ ಬಾಡಿಗೆ ತಾಗಿದರೂ ಕರೆಂಟಿಗೆ ವಾಪಸ್ ಹೋಗಲು ದಾರಿಯೇ ಇಲ್ಲ. ಆದರೆ ಸ್ಪ್ಯಾನರ್ ಎರಡೂ ಟರ್ಮಿನಲ್‌ಗಳನ್ನು ಒಟ್ಟಿಗೆ ಮುಟ್ಟಬಾರದು, ಆಗ ಯಾವ ಕ್ರಮವೂ ಕಾಪಾಡುವುದಿಲ್ಲ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕಿಡಿ ತಾಗಿದರೆ ಅದು ಹೊತ್ತಿಕೊಂಡು ಬ್ಯಾಟರಿ ಒಡೆದು ಆಸಿಡ್ ಮುಖಕ್ಕೆ ಹಾರಬಹುದು. ಕನ್ನಡಕ ಹಾಕಿಕೊಳ್ಳಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಜಂಪ್ ಮಾಡುವಾಗ, ಅಂದ್ರೆ ಇನ್ನೊಂದು ಬ್ಯಾಟರಿಯಿಂದ ಕೇಬಲ್ ಎಳೆದು ಕಾರು ಸ್ಟಾರ್ಟ್ ಮಾಡುವಾಗ, ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ ದೂರದ ಇಂಜಿನ್ ಲೋಹಕ್ಕೆ ಹಾಕುವುದೂ ಇದಕ್ಕೇ. ಆಸಿಡ್ ಮೈಗೆ ಬಿದ್ದರೆ ತುಂಬಾ ಹೊತ್ತು ನೀರು ಹಾಕಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದು ನೇರ ಡಾಕ್ಟರ್ ಹತ್ತಿರ.

ಹಾಂ, ಪೆಟ್ರೋಲ್ ಕಾರಿನಲ್ಲಿ ಶಾಕ್ ಹೊಡೆಯುವ ಜಾಗವೂ ಒಂದಿದೆ. ಇಂಜಿನ್ ಓಡುತ್ತಿರುವಾಗ ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್ ವೈರ್ ಮುಟ್ಟಬಾರದು. ಅಲ್ಲಿ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರವಂತೂ ಸುಮ್ನೆ ಕೈ ಹಾಕಲೇಬಾರದು, ಅದು ನೂರಾರು ವೋಲ್ಟ್. ನಿಮ್ಮದು ಮಾಮೂಲಿ ಪೆಟ್ರೋಲ್ ಕಾರು, ಇಂಜಿನ್ ಆಫ್ ಮಾಡಿ ಬಿಚ್ಚಲಿ.

ಭಾವನ ಹತ್ತಿರ ಹತ್ತನೇ ನಂಬರ್ ಸ್ಪ್ಯಾನರ್ ಇಲ್ಲ ಅಂದ್ರೆ ಹೇಳು. ನನ್ನ ಕಚ್ಚು ಬಿದ್ದದ್ದನ್ನೇ ತರುತ್ತೇನೆ, ಇನ್ನೂ ಚೆನ್ನಾಗಿ ಹಿಡಿಯುತ್ತದೆ.