ವಿಟಮಿನ್ ‘ಪೂರಕ’ವೋ, ಇನ್ನೇನೋ?

ಮಿತ್ರರೇ,

ಬೈಪೋಲಾರ್ ಕಾಯಿಲೆ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಮನಸ್ಸಿನ ಕಾಯಿಲೆ) ಇರುವವರ ಮನೆಮಂದಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉನ್ಮಾದ ಏರಿದಾಗ ಕೊಡುವ ಔಷಧಿಯ ಜೊತೆಗೆ ವಿಟಮಿನ್ನೂ ಕೊಟ್ಟರೆ ಹೇಗೆ ಎಂಬ ಬಗ್ಗೆ ಅದರಲ್ಲೊಂದು ಪುಟವಿದೆ. ಇಂಗ್ಲಿಷಿನಲ್ಲಿ ವಿಟಮಿನ್ ಮಾತ್ರೆ ‘ಸಪ್ಲಿಮೆಂಟ್’, ಜೊತೆಗೆ ಸೇರಿಸಿ ಕೊಡುವುದು ‘ಆಡ್-ಆನ್’. ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ‘ಪೂರಕ’ವೇ. ಅದನ್ನೇ ಹಿಡಿದರೆ ‘ಪೂರಕ ವಿಟಮಿನ್‌ಗಳ ಪೂರಕ ಚಿಕಿತ್ಸೆ’ ಎಂದಾಗುತ್ತದೆ.

ಪುನರುಕ್ತಿಯನ್ನಾದರೂ ಸಹಿಸಬಹುದು. ಬಸವನಗುಡಿಯ ಹಿರಿಯರೊಬ್ಬರಿಗೆ ಕರಡು ಓದಲು ಕೊಟ್ಟಿದ್ದೆ. “ಪೂರಕ ಅಂದ್ರೆ ಸಪ್ಲಿಮೆಂಟರಿ ತಾನೆ? ಮೊದಲ್ನೇದು ಫೇಲಾದ್ರೆ ಕಟ್ಟೋದು” ಎಂದರು. ಎಸ್ಸೆಸ್ಸೆಲ್ಸಿಯ ಪೂರಕ ಪರೀಕ್ಷೆ ಈಗ ‘ಪರೀಕ್ಷೆ-2’ ಆಗಿದೆ, ಆದರೆ ಆ ಅರ್ಥ ಜನರ ತಲೆಯಿಂದ ಇಳಿದಿಲ್ಲ. ಹಿಂದೆಯೇ ಇನ್ನೊಂದು ಪ್ರಶ್ನೆ: “ಹಂಗಾದ್ರೆ ವಿಟಮಿನ್ ಶುರು ಮಾಡಿ ಆ ಮಾತ್ರೆ ನಿಲ್ಲಿಸ್ಬೋದಾ?” ನನ್ನ ಹೆದರಿಕೆ ಇದೇ.

ಇರಾನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ. ತೀವ್ರ ಉನ್ಮಾದದಲ್ಲಿದ್ದ 88 ಮಂದಿಗೆ ಉನ್ಮಾದ ಇಳಿಸುವ ಔಷಧಿ ಸೋಡಿಯಂ ವ್ಯಾಲ್‌ಪ್ರೊಯೇಟ್ ನಡೆದೇ ಇತ್ತು. ಅದರ ಮೇಲೆ ಕೆಲವರಿಗೆ ಫೋಲಿಕ್ ಆಮ್ಲ ಎಂಬ ಬಿ ವಿಟಮಿನ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಮೂರು ವಾರದ ಕೊನೆಗೆ ಫೋಲಿಕ್ ಆಮ್ಲ ನುಂಗಿದವರ ಉನ್ಮಾದ ಹೆಚ್ಚು ಇಳಿದಿತ್ತು. ಸಣ್ಣ ಅಧ್ಯಯನ, ಅಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಇನ್ನು 2016ರ ಬ್ರಿಟನ್ನಿನ ಅಧ್ಯಯನ (ಅದು ಬೈಪೋಲಾರ್ ಖಿನ್ನತೆಯದು, ಉನ್ಮಾದದ್ದಲ್ಲ) ಉಲ್ಟಾ ಹೊಡೆಯಿತು: ಫೋಲಿಕ್ ಆಮ್ಲ ಸೇರಿಸಿಕೊಂಡವರಲ್ಲಿ ಖಿನ್ನತೆಗೆ ಕೊಟ್ಟ ಔಷಧಿ ಲ್ಯಾಮೊಟ್ರಿಜಿನ್‌ನ ಗುಣವೇ ಕಾಣಲಿಲ್ಲ. ಮಾರಕ ಎನ್ನುವುದು ಬೇಡ, ಅಡ್ಡಗಾಲು ಎನ್ನಬಹುದು. ಹೀಗಿರುವಾಗ ‘ಪೂರಕ’ ಎಂದುಬಿಟ್ಟರೆ ಪರೀಕ್ಷೆಗೆ ಮೊದಲೇ ಪಾಸು ಮಾಡಿದಂತೆ.

ಬೇರೆ ಪದಗಳನ್ನೂ ತಡಕಾಡಿದೆ. ‘ಅನುಪಾನ’ ಚೆಂದದ ಪದ, ಆದರೆ ಆಯುರ್ವೇದದಲ್ಲಿ ಅದು ಔಷಧಿಯೊಂದಿಗೆ ಸೇವಿಸುವ ಜೇನು, ಹಾಲು, ತುಪ್ಪ, ಬಿಸಿನೀರು. ಅದನ್ನು ಎಳೆದು ತರುವುದು ಸರಿಯಲ್ಲ. ‘ಸಹಚಿಕಿತ್ಸೆ’ ಎಂದರೆ ಎರಡಕ್ಕೂ ಸಮಾನ ಪೀಠ ಹಾಕಿದ ಹಾಗೆ. ‘ಹೆಚ್ಚುವರಿ’ ಸರ್ಕಾರಿ ಸುತ್ತೋಲೆಯದು.

‘ಜೊತೆಮದ್ದು’ ನನಗೆ ಬಹಳ ಹಿಡಿಸಿತ್ತು. ಕರಾವಳಿಯಲ್ಲಿ ಮದ್ದು ಎಂದರೆ ದಿನಬಳಕೆಯ ಔಷಧಿಯೇ. ಆದರೆ ಈ ಕಡೆ, ಅದೂ ಮನಸ್ಸಿನ ಕಾಯಿಲೆಯ ಮನೆಗಳಲ್ಲಿ, ‘ಯಾರೋ ಮದ್ದು ಹಾಕಿದ್ದಾರೆ’ ಎಂಬ ಗುಮಾನಿ ಇನ್ನೂ ಓಡಾಡುತ್ತದೆ. ಅಂಥವರ ಕೈಗೆ ಹೋಗುವ ಪುಸ್ತಕದಲ್ಲಿ ಆ ಪದ ಬೇಡ ಅನ್ನಿಸಿತು.

ಸದ್ಯಕ್ಕೆ ‘ಜೊತೆಮಾತ್ರೆ’ ಎಂದು ಇಟ್ಟು, ಪಕ್ಕದಲ್ಲೇ ‘ಮುಖ್ಯ ಮಾತ್ರೆ ನಿಲ್ಲಿಸದೆ, ವೈದ್ಯರನ್ನು ಕೇಳಿ’ ಎಂದು ಸೇರಿಸಿದ್ದೇನೆ. ಎರಡು ಪ್ರಶ್ನೆ: ಮೊದಲ ಓದಿಗೆ ಇದು ‘ಎರಡು ಮಾತ್ರೆಯ ಜೋಡಿ’ ಎಂದು ಕೇಳಿಸುತ್ತದೆಯೇ? ಬೆಂಗಳೂರಿಗೆ ಚಿಕಿತ್ಸೆಗೆ ಬರುವವರಲ್ಲಿ ಉತ್ತರ ಕರ್ನಾಟಕದವರೂ ಬಹಳ. ಮಾತ್ರೆಗೆ ‘ಗುಳಿಗಿ’ ಎನ್ನುವ ಆ ಕಡೆಯವರಿಗೆ ‘ಜೊತೆಮಾತ್ರೆ’ ಒಗ್ಗುತ್ತದೆಯೇ? ಆ ಸೀಮೆಯವರು ದಯವಿಟ್ಟು ತಿಳಿಸಿ.